ಹದಿನೇಳನೇ ಪಟ್ಟಿ, ಕೆಳಗಿನಿಂದ ಎರಡನೆಯದು

ಬೆಳಿಗ್ಗೆ ಹತ್ತಕ್ಕೆ ನಮ್ಮ ಪೇಂಟ್ ಅಂಗಡಿಯ ಮುಂದೆ ಬೀದಿದೀಪಗಳು ತಾವಾಗಿಯೇ ಹೊತ್ತಿಕೊಂಡವು. ಪಾಪ, ಅವಕ್ಕೂ ಸಂಜೆಯಾಯಿತೆನ್ನಿಸಿರಬೇಕು. ಆಕಾಶ ಕಿತ್ತಳೆಯಾಗಿತ್ತು. ಹಣ್ಣಿನ ಕಿತ್ತಳೆಯಲ್ಲ, ತುಕ್ಕು ಹಿಡಿದ ತಗಡಿನ ಹಿಂದೆ ಯಾರೋ ಒಲೆ ಹಚ್ಚಿದ ಹಾಗೆ. ಪಡುವಣದ ಕಾಡಿಗೆ ಬೆಂಕಿ ಬಿದ್ದು ಒಂಬತ್ತು ದಿನವಾಗಿತ್ತು, ಬೆಳಗಿನ ಜಾವ ಗಾಳಿ ನಮ್ಮ ಕಡೆ ತಿರುಗಿತ್ತು. ಕೌಂಟರಿನ ಮೇಲಿನ ರೇಡಿಯೋ ಹದಿನೈದು ನಿಮಿಷಕ್ಕೊಮ್ಮೆ ಅದೇ ಮಾತು ಹೇಳುತ್ತಿತ್ತು: ವಾಟಲ್ ಗುಡ್ಡದ ಆಚೆಯವರು ಈಗಲೇ ಹೊರಡಿ, ಹನ್ನೆರಡಕ್ಕೆ ರಸ್ತೆ ಮುಚ್ಚುತ್ತೇವೆ.

ಗುಡ್ಡದ ಆಚೆ ಇದ್ದವನು ಕ್ಲಾರಿ. ನನ್ನ ಜೊತೆ ಕೌಂಟರಿನಲ್ಲಿ ನಿಲ್ಲುವ ಮೆರಿನ್‌ಳ ಅಪ್ಪ. ನಲವತ್ತು ವರ್ಷ ಊರವರ ಮನೆಗಳಿಗೆ ಬಣ್ಣ ಹೊಡೆದು, ಈಗ ಕಣಿವೆಯ ಮರದ ಮನೆಯಲ್ಲಿ ಪುಟ್ಟಿ ಎಂಬ ಹೆಣ್ಣುನಾಯಿಯೊಂದಿಗೆ ಇದ್ದಾನೆ. ಗೋಡೆಯ ಬಿರುಕಿಗೆ ತುಂಬುತ್ತಾರಲ್ಲ, ಆ ಪುಟ್ಟಿ. ಹೆಂಡತಿ ತೀರಿಕೊಂಡ ವರ್ಷ ಬಂದ ನಾಯಿ, ಹೆಸರು ಸರಿಯಾಗಿಯೇ ಇತ್ತು.

ಆ ಕಣಿವೆಗೆ ಇರುವುದು ಒಂದೇ ರಸ್ತೆ, ಅದೂ ಕಾಡಿನ ನಡುವೆ ಗುಡ್ಡ ಹತ್ತಿ ಇಳಿಯುವಂಥದ್ದು. ಗುಡ್ಡದ ಬುಡದಲ್ಲಿ ಕೂತವನಿಗೆ ಗುಡ್ಡದ ಬೆನ್ನು ಕಾಣುವುದಿಲ್ಲ. ಕಡಲ ಗಾಳಿ ಬೇರೆ ಹೊಗೆಯನ್ನು ಮೇಲೆಯೇ ತಡೆದು ಅವನ ಅಂಗಳವನ್ನು ತಿಳಿಯಾಗಿ ಇಟ್ಟಿತ್ತು.

ಮೆರಿನ್ ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು.

"ಅಪ್ಪಾ, ಹೊರಡು. ನಾಯಿ ಹತ್ತಿಸ್ಕೊ, ಬಾ."

"ಹೋದ್ ವರ್ಷ ಎರಡು ಸಲ ಹೀಗೇ ಅಂದೆ. ಎರಡು ಸಲವೂ ಶಾಲೆ ಜಗಲಿ ಮೇಲೆ ಮಲಗಿ ಊರವರ ಗೊರಕೆ ಕೇಳಿ ಬಂದೆ. ಬೆಂಕಿ ಎಲ್ಲಿತ್ತು?"

"ಈ ಸಲ ಹಾಗಲ್ಲ. ಇಲ್ಲಿ ಆಕಾಶ ನೋಡ್ಬೇಕು ನೀನು."

"ತೋರ್ಸು, ನೋಡ್ತೀನಿ. ಕ್ರಿಸ್ಮಸ್‌ಗೆ ನೀನೇ ಕೊಡಿಸಿದ ಫೋನಲ್ವಾ. ಒಂದು ಫೋಟೋ ಕಳಿಸು. ಕಣ್ಣಿಗೆ ಕಂಡ್ರೆ ಹೊರಡ್ತೀನಿ."

ಅಪ್ಪ ಮಗಳಿಗೆ ಇಷ್ಟು ಸುಲಭದ ಷರತ್ತು ಹಾಕಿದ್ದು ಅದೇ ಮೊದಲಿರಬೇಕು. ಅವಳು ಬೀದಿಗೆ ಓಡಿ, ಗುಡ್ಡದ ನೆತ್ತಿಗೆ ಗುರಿಯಿಟ್ಟು ಫೋಟೋ ತೆಗೆದು, ನೋಡದೆಯೇ ಕಳಿಸಿ ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಸಮಾಧಾನದ ಉಸಿರು ಕೇಳಿತು.

"ಅಯ್ಯೋ ಹುಚ್ಚಿ, ಇದು ಮಳೆ ಮೋಡ ಕಣೇ. ಒಳ್ಳೇದೇ ಆಯ್ತು. ತಡಿ, ಒಣಗಿ ಹಾಕಿರೋ ಬಟ್ಟೆ ಎತ್ತಿಟ್ಟು ಬರ್ತೀನಿ."

ಇಬ್ಬರೂ ಫೋಟೋಗೆ ಬಗ್ಗಿದೆವು. ಅದರೊಳಗಿದ್ದದ್ದು ಬೂದು ಮೋಡ ಕವಿದ, ತಂಪಾದ, ಬಲು ಸಭ್ಯವಾದ ಬೆಳಗು. ಸ್ವೆಟರ್ ಹುಡುಕಬೇಕೆನ್ನಿಸುವಂತಿತ್ತು. ಇಷ್ಟೊಂದು ಕಿತ್ತಳೆ ಲೋಕದಲ್ಲಿ ಇರಲಾರದು, ಯಾವುದೋ ದೀಪದ ದೋಷವಿರಬೇಕು ಎಂದು ಫೋನು ತಾನೇ ತೀರ್ಮಾನಿಸಿ, ಆಕಾಶವನ್ನು ತೊಳೆದು ಹಿಂಡಿ ಕೊಟ್ಟಿತ್ತು.

"ನಿಂದು ಹೊಸಾದಲ್ವಾ, ಶೇಷು? ನಿಂದ್ರಲ್ಲಿ ತೆಗಿ" ಎಂದಳು ಮೆರಿನ್.

ನನ್ನದು ಮೂರು ಕಣ್ಣಿನ ಫೋನು. ಮೂರನೇ ಕಣ್ಣು ತೆರೆದರೆ ಎದುರಿನದು ಉರಿಯಬೇಕೆಂದು ನಾವು ಕೇಳಿ ಬೆಳೆದವರು. ನನ್ನದು ತೆರೆದರೆ ಉರಿಯುತ್ತಿದ್ದದ್ದೂ ಆರುತ್ತಿತ್ತು. ಅದು ಮೋಡಕ್ಕೆ ಒಂದಿಷ್ಟು ನೀಲಿಯನ್ನೂ ಲೇಪಿಸಿ, ಎದುರಿನ ಬೇಕರಿಯ ಹಲಗೆಯ ಅಕ್ಷರಗಳನ್ನು ಹೊಳೆಯುವಂತೆ ತಿದ್ದಿತ್ತು. ಬನ್ ಕೊಳ್ಳಬೇಕೆನ್ನಿಸಿತೇ ಹೊರತು ಊರು ಬಿಡಬೇಕೆನ್ನಿಸಲಿಲ್ಲ.

ಹತ್ತೂವರೆ. ಮೆರಿನ್ ಉಗುರು ಕಚ್ಚುತ್ತಾ ನನ್ನನ್ನೇ ನೋಡಿದಳು. "ನೀನು ಬ್ರಿಗೇಡ್ ಕ್ಯಾಪ್ಟನ್ ಥರ ಮಾತಾಡ್ತೀಯಲ್ಲ, ಮಾತಾಡು."

ಅಗ್ನಿಶಾಮಕ ದಳದ ಕ್ಯಾಪ್ಟನ್ನನ ದನಿ ತೆಗೆದು ನಾನು ಎಷ್ಟೋ ಸಲ ಪಬ್ಬಿನಲ್ಲಿ ಬಿಯರು ಗಿಟ್ಟಿಸಿದ್ದೆ. ಮೂಗಿನಿಂದ ಉಸಿರೆಳೆದು, ಗಂಟಲಿಗೆ ಜಲ್ಲಿ ಸುರಿದುಕೊಂಡು ಫೋನಿಗೆ ಹೇಳಿದೆ: "ಕ್ಲಾರಿ, ಕ್ಯಾಪ್ಟನ್ ಮಾತಾಡ್ತಿರೋದು. ಕೂಡಲೇ ಮನೆ ಖಾಲಿ ಮಾಡ್ಬೇಕು."

"ಲೋ ಶೇಷು, ಅವನಿಗೆ ಮುಂದಿನ ಹಲ್ಲು ಎರಡಿಲ್ಲ. ನೀನು ಎಲ್ಲಾ ಅಕ್ಷರಾನೂ ನೆಟ್ಟಗೆ ಹೇಳ್ತಿದೀಯ. ಅಂಗಡೀಲಿ ಇವತ್ತು ಗಿರಾಕಿ ಇಲ್ವೇನೋ?"

ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ಹೊರಗೆ ಕಾರುಗಳು ಸಾಲಾಗಿ ಕಡಲ ದಂಡೆಗೆ, ದೋಣಿ ಹತ್ತುವ ಜೆಟ್ಟಿಯ ಕಡೆ ಹೋಗುತ್ತಿದ್ದವು. ಒಂದರ ಕಿಟಕಿಯಿಂದ ಕುದುರೆಮರಿಯ ಮೂತಿ ಹೊರಗಿತ್ತು. ಸುಟ್ಟ ಎಲೆಗಳು, ಎಲೆಯ ಆಕಾರ ಬಿಡದೆಯೇ ಕಪ್ಪಾದವು, ಮೆಟ್ಟಿಲ ಮೇಲೆ ಉದುರುತ್ತಿದ್ದವು.

ಆಮೇಲೆ ಮೆರಿನ್ ಒಂದು ತಪ್ಪು ಮಾಡಿದಳು. ಫೋನಿನಲ್ಲಿ ಬಣ್ಣ ತಿದ್ದುವ ಗುಂಡಿ ಇತ್ತಲ್ಲ, ಅದನ್ನು ಜಾರಿಸಿ ಜಾರಿಸಿ ಬೂದು ಆಕಾಶವನ್ನು ಕಿತ್ತಳೆ ಮಾಡಿದಳು. ಕಣ್ಣಿಗೆ ಕಂಡದ್ದನ್ನೇ ಮರಳಿ ತಂದದ್ದು, ಸುಳ್ಳೇನಲ್ಲ. ಆದರೆ ಕಳಿಸಿದ್ದು ಪೇಂಟರನಿಗೆ.

"ಮೆರಿನ್" ಎಂದ ಕ್ಲಾರಿ. ದನಿಯಲ್ಲಿ ತಮಾಷೆ ಇರಲಿಲ್ಲ. "ಬೇಕರಿ ಗೋಡೆ ಹಳದಿ ಆಗಿದೆ. ಆ ಗೋಡೆಗೆ ಬಿಳಿ ಹೊಡೆದೋನು ನಾನು. ಆಕಾಶದ ಜೊತೆ ಗೋಡೆಗೂ ಬಳಿದಿದೀಯ. ನಂಗೆ ಬಣ್ಣದ ಸುಳ್ಳು ಹೇಳ್ತೀಯಾ? ಮೊದಲು ಶೇಷು ಹತ್ರ ನಾಟಕ, ಈಗ ಇದು. ನಾನು ಬರಲ್ಲ. ಪಂಪಿದೆ, ಪೈಪಿದೆ. ಇಡು ಫೋನು."

ಅವನೇ ಇಟ್ಟ.

ಹತ್ತು ಐವತ್ತು. ಮೆರಿನ್ ಕಾರಿನ ಕೀಲಿ ತೆಗೆದುಕೊಂಡಳು. ನಾನೇ ಹೋಗಿ ಎಳೆದು ತರ್ತೀನಿ ಅಂದಳು. ಹೋಗಲು ನಲವತ್ತು ನಿಮಿಷ, ಬರಲು ನಲವತ್ತು. ಹನ್ನೆರಡಕ್ಕೆ ಕಾಡಿನ ನಡುವೆ ಇಬ್ಬರೂ ಸಿಕ್ಕಿಬೀಳುವ ಲೆಕ್ಕ. ನಾನು ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನು ತಳ್ಳಲು ಬಂದವಳ ಕೈ ಪಕ್ಕದ ಕೊಕ್ಕೆಯಲ್ಲಿ ತೂಗುತ್ತಿದ್ದ ಶೇಡ್ ಕಾರ್ಡಿಗೆ ತಗಲಿ ಅದು ಕೆಳಗೆ ಬಿತ್ತು. ಬೀಸಣಿಗೆಯಂತೆ ಬಿಚ್ಚುವ, ನೂರಾರು ಬಣ್ಣದ ಪಟ್ಟಿಗಳ ದಪ್ಪ ಕಟ್ಟು; ಪ್ರತಿ ಪಟ್ಟಿಯಲ್ಲೂ ಬಣ್ಣ ಮೇಲಿನಿಂದ ಕೆಳಕ್ಕೆ ಗಾಢವಾಗುತ್ತಾ ಹೋಗುತ್ತದೆ. ಪ್ರತಿ ಪೇಂಟರನ ಗಾಡಿಯಲ್ಲೂ ಅಂಥದ್ದೊಂದು ಇರುತ್ತದೆ. ಕ್ಲಾರಿ ಕೆಲಸ ಬಿಟ್ಟಿದ್ದರೂ ಅವನ ಪಿಕಪ್ಪಿನಲ್ಲಿ ಈಗಲೂ ಇತ್ತು.

ಮೆರಿನ್ ಅದನ್ನೇ ಎತ್ತಿಕೊಂಡು ಬೀದಿಗೆ ಹೋಗಿ ಆಕಾಶಕ್ಕೆ ಹಿಡಿದಳು. ಕೆಲಸಕ್ಕೆ ಬರಲಿಲ್ಲ. ಆ ಬೆಳಕಿನಲ್ಲಿ ಅಚ್ಚ ಬಿಳಿ ಪಟ್ಟಿಯೂ ಕಿತ್ತಳೆಯೇ. ಒಂದು ಕ್ಷಣ ನಿಂತು, ಒಳಗೋಡಿ ಬಂದಳು. ಕಿಟಕಿಯ ಪಕ್ಕ ನಾವು ಗಿರಾಕಿಗಳ ಬಣ್ಣ ಹೊಂದಿಸುವ ಬಿಳಿ ದೀಪವಿದೆ. ಕಾರ್ಡನ್ನು ಆ ದೀಪದಡಿ ಹಿಡಿದು, ಕಣ್ಣನ್ನು ಗಾಜಿನಾಚೆ ಗುಡ್ಡದ ನೆತ್ತಿಗೆ ನೆಟ್ಟು, ಒಂದೊಂದೇ ಪಟ್ಟಿ ತಿರುವಿದಳು. ಅವಳ ಅಪ್ಪ ಕಲಿಸಿದ ರೀತಿ ಅದು: ಬಣ್ಣಕ್ಕೆ ಹೆಸರು ಹೇಳಬೇಡ, ಕಾರ್ಡಿನಲ್ಲಿ ಅದರ ಜಾಗ ಹೇಳು.

ನಾಲ್ಕನೇ ಸಲಕ್ಕೆ ಅವನು ಫೋನೆತ್ತಿದ.

"ಫೋಟೋ ಕಳಿಸಲ್ಲ ಅಪ್ಪಾ. ಗಾಡಿಯಿಂದ ಕಾರ್ಡ್ ತಗೊ. ಹದಿನೇಳನೇ ಪಟ್ಟಿ, ಕೆಳಗಿನಿಂದ ಎರಡನೇದು."

ಏನೋ ಗೊಣಗಿದ. ಬಾಗಿಲು ಕಿರ್ರೆಂದಿತು, ನಾಯಿ ಎರಡು ಸಲ ಬೊಗಳಿತು, ಪಿಕಪ್ಪಿನ ಡಬ್ಬಿ ತೆರೆದ ಸದ್ದು. ಆಮೇಲೆ ಪಟ್ಟಿ ತಿರುವುವ ಟಪ್ ಟಪ್. ಅದು ನಿಂತಿತು.

"ಯಾವ ಬೆಳಕಲ್ಲಿ ನೋಡ್ದೆ?"

"ದೀಪದಡಿ. ಕಿಟಕಿಯಿಂದ."

"ಆಕಾಶ ಪೂರ್ತಿನಾ?"

"ಗುಡ್ಡದ ಮೇಲೆಲ್ಲಾ ಅದೇ. ಗುಡ್ಡದ ಅಂಚಲ್ಲಿ ಇನ್ನೂ ಕೆಳಗಿಂದು."

"ಆ ಬಣ್ಣ ನಾನು ಒಂದೇ ಸಲ ಹೊಡೆದಿದ್ದು" ಎಂದ ಕ್ಲಾರಿ ನಿಧಾನವಾಗಿ. "ರೈಲು ಸೇತುವೆ ಕಬ್ಬಿಣಕ್ಕೆ." ಆಮೇಲೆ ನಮಗಲ್ಲ, ಬೇರೆ ಕಡೆಗೆ: "ಪುಟ್ಟಿ, ಹತ್ತು."

ಫೋನು ಸತ್ತಿತು.

ಹನ್ನೊಂದು ಗಂಟೆ ಎರಡು ನಿಮಿಷ. ಉಳಿದ ಹೊತ್ತನ್ನು ಹೇಗೆ ಕಳೆದೆವೋ. ಮೆರಿನ್ ಜೋಡಿಸಿದ ಡಬ್ಬಿಗಳನ್ನೇ ಮತ್ತೆ ಜೋಡಿಸಿದಳು. ನಾನು ರೇಡಿಯೋ ಆರಿಸಿದೆ, ಹಾಕಿದೆ, ಆರಿಸಿದೆ. ಹನ್ನೊಂದೂಕಾಲಿಗೆ ಕರೆಂಟು ಹೋಗಿ ಬಂತು. ಹನ್ನೊಂದೂವರೆಗೆ ಗಾಳಿ ಬಾಗಿಲನ್ನು ತಾನೇ ತೆರೆಯಿತು. ಇಬ್ಬರೂ ತಿರುಗಿದೆವು, ಯಾರೂ ಇರಲಿಲ್ಲ. ಆಗಾಗ ಅವಳು ದೀಪದಡಿ ಕಾರ್ಡ್ ಹಿಡಿದು ಹೊರಗೆ ನೋಡುತ್ತಿದ್ದಳು. ಎಷ್ಟನೆಯದಕ್ಕೆ ಇಳಿಯಿತೆಂದು ನಾನು ಕೇಳಲಿಲ್ಲ.

ಹನ್ನೊಂದು ನಲವತ್ತೆಂಟಕ್ಕೆ ದೀಪ ಹಾಕಿಕೊಂಡ ಪಿಕಪ್ಪು ಬೇಕರಿಯ ತಿರುವಿನಲ್ಲಿ ಕಾಣಿಸಿತು. ಹಿಂದೆ ಬ್ರಷ್ಷಿನ ಪೆಟ್ಟಿಗೆ, ಮುಂದೆ ಪುಟ್ಟಿ, ಪುಟ್ಟಿಯ ಮೇಲೆ ಮಳೆಗೆ ಹೆದರಿ ಎತ್ತಿಟ್ಟಿದ್ದ ಬಟ್ಟೆಯ ರಾಶಿ. ಕ್ಲಾರಿಯ ಹುಬ್ಬಿನ ಮೇಲೆ ಬೂದಿ ಕೂತಿತ್ತು. ಗುಡ್ಡದ ಮೇಲೆ ರಸ್ತೆಯ ಎಡಗಡೆ ಹತ್ತಿಕೊಂಡಿತ್ತಂತೆ; ಅಷ್ಟೇ ಹೇಳಿದ. ಮಗಳನ್ನು ಅಪ್ಪಿಕೊಳ್ಳಲಿಲ್ಲ. ಅವಳ ಕೈಯಿಂದ ಕಾರ್ಡ್ ಕಿತ್ತುಕೊಂಡು ನೆಟ್ಟಗೆ ದೀಪದಡಿ ಹೋಗಿ, ಒಂದು ಕಣ್ಣು ಮುಚ್ಚಿ, ಕಿಟಕಿಯಾಚೆ ನೋಡಿದ.

"ತಪ್ಪು ಹೇಳಿದೀಯ. ಇದು ಕಟ್ಟಕಡೇದು."

"ನಾನು ಹೇಳ್ದಾಗ ಎರಡನೇದಿತ್ತು, ಅಪ್ಪಾ."

ಅವನು ಇನ್ನೊಮ್ಮೆ ನೋಡಿದ. ಬೆರಳು ಪಟ್ಟಿಯ ಕೆಳಗಿನ ಅಂಚಿಗೆ ಬಂದು ನಿಂತಿತು.

"ಇದ್ರ ಕೆಳಗೆ ಯಾವುದು?" ಎಂದೆ ನಾನು.

"ಇದ್ರ ಕೆಳಗೆ ಕಾರ್ಡಲ್ಲಿ ಏನೂ ಇಲ್ಲ" ಎಂದ ಕ್ಲಾರಿ, ಕಾರ್ಡನ್ನು ಮಡಚಿ ಮಗಳ ಕೈಗಿಟ್ಟ. "ಅಂಗಡಿಗೆ ಬೀಗ ಹಾಕಿ. ನಡೀರಿ, ಜೆಟ್ಟಿಗೆ."