ಅಂಗೈಯ ಬಿಳಿ ಪುಡಿ

ಪರೀಕ್ಷೆಯ ದಿನ ಮಕ್ಕಳು ಹೆದರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕಲಿಸಿದವರೂ ಹೆದರುತ್ತಾರೆ ಎಂದರೆ ನಮ್ಮ ದ್ವೀಪದಲ್ಲಿ ಯಾರೂ ನಂಬುವುದಿಲ್ಲ. ತಿಂಗಳಿಗೆ ಸರಿಯಾಗಿ ಸಂಬಳ ಎಣಿಸುವವರಿಗೆ ಎಂಥ ಹೆದರಿಕೆ ಎನ್ನುತ್ತಾರೆ. ಆ ಜೂನ್ ತಿಂಗಳ ಬೆಳಿಗ್ಗೆ ನಾನು ಮಾಡಿಟ್ಟ ಕಾಫಿಯನ್ನು ಸಿಂಕಿಗೆ ಸುರಿದು, ರೈ ಹಿಟ್ಟಿನ ಕಪ್ಪು ರೊಟ್ಟಿಯ ಒಂದು ಚೂರು ಬಾಯಿಗೆ ಹಾಕಿಕೊಂಡು ಸೈಕಲ್ ಹತ್ತಿದೆ. ಕಾರಣ ಮೈಕೆನ್.

ಮೈಕೆನ್ ಮೀನುಗಾರನ ಮಗಳು, ಒಂಬತ್ತನೇ ತರಗತಿ. ನಮ್ಮಲ್ಲಿ ಮಕ್ಕಳು ಕಲಿಸುವವರನ್ನೂ ಹೆಸರು ಹಿಡಿದು ಏಕವಚನದಲ್ಲೇ ಕರೆಯುತ್ತಾರೆ, ಅವಳಿಗೆ ನಾನು ಗುದ್ರುನ್. ಊರ ಹಾಲಿನ ಡೈರಿಯ ಪ್ರಯೋಗಾಲಯದಲ್ಲಿ ಕೆಲಸ ಕಲಿಯಲು ಆ ವರ್ಷ ಒಬ್ಬರಿಗೇ ಜಾಗವಿತ್ತು. ಇವಳಿಗೇ ಕೊಡುತ್ತೇವೆಂದು ಡೈರಿಯವರು ಒಪ್ಪಿದ್ದರು, ಆದರೆ ರಸಾಯನಶಾಸ್ತ್ರದಲ್ಲಿ ಎಂಟು ಬರಬೇಕು. ನಮ್ಮಲ್ಲಿ ಎಂಟು ಎಂದರೆ ನಡುಮಟ್ಟದ ಅಂಕ. ಹದಿಮೂರು ಇದೆ ಅಂತ ಹೇಳುತ್ತಾರೆ, ಪಡೆದವರನ್ನು ಕಂಡವರು ಕಡಿಮೆ. ಎಂಟು ಬರದಿದ್ದರೆ ಅವಳು ಅಪ್ಪನ ದೋಣಿಯ ಬಲೆ ಬಿಡಿಸುತ್ತ ಕೂರಬೇಕಾಗಿತ್ತು, ಮತ್ತು ಅವಳಿಗೆ ಸಮುದ್ರವೆಂದರೆ ವಾಂತಿ.

ಅವಳಿಗೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಸಿಂಕಿನ ಬಳಿ ಗಾಜಿನ ಲೋಟ ತೊಳೆಯುವಾಗ ಕೇಳಿದರೆ, ಹಾಲು ಯಾಕೆ ಮಿಶ್ರಣ, ನೀರು ಯಾಕೆ ಸಂಯುಕ್ತ, ತಾಮ್ರ ಯಾಕೆ ಮೂಲವಸ್ತು ಎಂದು ಸೋಪಿನ ನೊರೆಯಲ್ಲಿ ಕೈಯಾಡಿಸುತ್ತಲೇ ಹೇಳುತ್ತಿದ್ದಳು. ಅದೇ ಪ್ರಶ್ನೆಯನ್ನು ಎಬ್ಬಿಸಿ ನಿಲ್ಲಿಸಿ ಕೇಳಿದಿರೋ, ಬಾಯಿಗೆ ಬೀಗ. ನಮ್ಮ ಪರೀಕ್ಷೆಯೋ ಬಾಯಿಬಿಟ್ಟು ಹೇಳಲೇಬೇಕಾದದ್ದು. ಹಸಿರು ಬಟ್ಟೆ ಹಾಸಿದ ಮೇಜಿನಿಂದ ಚೀಟಿ ಎತ್ತಬೇಕು, ಚೀಟಿಯಲ್ಲಿದ್ದ ಪ್ರಯೋಗ ಮಾಡಬೇಕು, ಬೇರೆ ಊರಿನಿಂದ ಬಂದ ಪರೀಕ್ಷಕ ಪಕ್ಕದಲ್ಲಿ ನಿಂತಾಗ ಮಾಡುತ್ತಿರುವುದನ್ನು ವಿವರಿಸಬೇಕು. ಕಲಿಸಿದವಳು ಪ್ರಶ್ನೆ ಕೇಳಬಹುದು, ಉತ್ತರ ಹೇಳಿಕೊಡುವಂತಿಲ್ಲ. ಕೈಕಟ್ಟಿ ನಿಂತು ನೋಡುವುದೇ ನನ್ನ ಕೆಲಸ, ಆ ಕೆಲಸ ನನಗೆ ಎಂದೂ ಒಗ್ಗಿಲ್ಲ.

ಆ ಸಲದ ಪರೀಕ್ಷಕನ ಹೆಸರು ಹೋಲ್ಗರ್. ತೆಳ್ಳಗೆ, ಉದ್ದಕ್ಕೆ, ಪೆನ್ನಿನ ತುದಿ ಕಚ್ಚುತ್ತ ಸದ್ದಿಲ್ಲದೆ ಮೇಜುಗಳ ನಡುವೆ ಓಡಾಡುವ ಮನುಷ್ಯ. ಬೆಕ್ಕಿಗೂ ಒಂದು ಗಂಟೆ ಕಟ್ಟುವವರಿದ್ದಾರೆ, ಇವನಿಗೆ ಯಾರೂ ಕಟ್ಟಿರಲಿಲ್ಲ.

ಮೈಕೆನ್‌ಗೆ ಬಂದ ಚೀಟಿ ಸುಲಭದ್ದು. ಬಟ್ಟಲಲ್ಲಿ ಮರಳು, ಅಡುಗೆ ಉಪ್ಪು, ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್ ಬೆರೆತಿವೆ. ಬೇರ್ಪಡಿಸಬೇಕು, ಒಂದೊಂದೂ ಮೂಲವಸ್ತುವೋ ಸಂಯುಕ್ತವೋ ಹೇಳಬೇಕು. ಕಾಯಿಸಿದರೆ ನವಸಾಗರ ಬಿಳಿ ಹೊಗೆಯಾಗಿ ಎದ್ದು ತಣ್ಣನೆಯ ಗಾಜಿಗೆ ಅಂಟುತ್ತದೆ. ಉಳಿದದ್ದಕ್ಕೆ ನೀರು ಹಾಕಿ ಸೋಸಿದರೆ ಮರಳು ಮೇಲೆ, ಉಪ್ಪು ಕೆಳಗೆ. ಮೂರೂ ಸಂಯುಕ್ತಗಳೇ, ಮೂಲವಸ್ತು ಒಂದೂ ಇಲ್ಲ. ಕೊಕ್ಕೆ ಇರುವುದು ಅಲ್ಲಿ. ಚೀಟಿ ನೋಡಿ ನನಗೆ ಉಸಿರು ಬಂತು. ನವಸಾಗರ ನಮ್ಮ ಮಕ್ಕಳಿಗೆ ತಾಯಿಹಾಲಿನಷ್ಟು ಪರಿಚಯ. ಅದಕ್ಕೆ ಚಿಟಿಕೆ ಜ್ಯೇಷ್ಠಮಧುವಿನ ಪುಡಿ, ಸಕ್ಕರೆ ಬೆರೆಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಆಟದ ಬಿಡುವಿನಲ್ಲಿ ಅಂಗೈ ಮೇಲೆ ಸುರಿದುಕೊಂಡು ನೆಕ್ಕದ ಮಗು ನಮ್ಮ ದೇಶದಲ್ಲಿಲ್ಲ. ಹೊರಗಿನವರು ರುಚಿ ನೋಡಿದರೆ ಉಗಿಯುತ್ತಾರೆ.

ಮೈಕೆನ್ ಪಕ್ಕದ ಮೇಜಿನಲ್ಲಿ ಅವಳ ಸಹಪಾಠಿ ಸಾನ್ನೆ. ಸಾನ್ನೆಯ ಚೀಟಿಯಲ್ಲಿ ಬೇರಿಯಂ ಕ್ಲೋರೈಡ್, ಜತೆಗೆ ಮಲಬದ್ಧತೆಗೆ ಕುಡಿಸುವ ಗ್ಲೌಬರ್ ಉಪ್ಪು, ಅಂದರೆ ಸೋಡಿಯಂ ಸಲ್ಫೇಟ್. ಎರಡನ್ನೂ ಬೇರೆಬೇರೆ ನೀರಿನಲ್ಲಿ ಕರಗಿಸಿ ಸೇರಿಸಿದರೆ ತಿಳಿನೀರು ಹಾಲಾಗುತ್ತದೆ. ಬೇರಿಯಂ ಕ್ಲೋರೈಡ್ ವಿಷ, ಒಂದು ಚಮಚ ಹೃದಯ ನಿಲ್ಲಿಸಲು ಸಾಕು. ಆದರೆ ಗ್ಲೌಬರ್ ಉಪ್ಪಿನ ಜತೆ ಸೇರಿ ತಳಕ್ಕೆ ಕೂರುವ ಆ ಬಿಳಿ ವಸ್ತುವನ್ನು ಎಕ್ಸ್‌ರೇಗೆ ಮುಂಚೆ ಆಸ್ಪತ್ರೆಯಲ್ಲಿ ಲೋಟಗಟ್ಟಲೆ ಕುಡಿಸುತ್ತಾರೆ, ಏನೂ ಆಗುವುದಿಲ್ಲ. ಬೇರಿಯಂ ಅದೇ, ಜತೆಗಾರ ಬದಲಾದ ಅಷ್ಟೇ. ಸಂಯುಕ್ತ ಎಂದರೇನು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲವೆಂದು ನಾನೇ ಹಟ ಹಿಡಿದು ಅದನ್ನು ಪ್ರಶ್ನೆಗೆ ಸೇರಿಸಿದ್ದೆ.

ಹೋಲ್ಗರ್ ಮೊದಲ ಸುತ್ತಿನಲ್ಲಿ ಮೈಕೆನ್ ಹತ್ತಿರ ನಿಂತು, ಏನು ಮಾಡುತ್ತಿದ್ದೀಯೆಂದು ಕೇಳಿದ. ಅವಳು ಬಟ್ಟಲು ನೋಡಿದಳು. ಬರ್ನರ್ ನೋಡಿದಳು. ನನ್ನನ್ನು ನೋಡಿದಳು. ಅವನು ಏನೋ ಗೀಚಿಕೊಂಡು ಮುಂದೆ ಹೋದ. ನನಗೆ ಅವನ ಪೆನ್ನು ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು, ಅವಳ ಮೇಲೂ ಬಂತು. ಕೊನೆಯ ಮೇಜಿನವನು ಏನೋ ಕೇಳಿದನೆಂದು ಅತ್ತ ಹೋದೆ. ತಿರುಗಿ ನೋಡುವಷ್ಟರಲ್ಲಿ ಮೈಕೆನ್ ನಮಗೆಲ್ಲ ಬೆನ್ನು ಮಾಡಿ ಕಿಟಕಿಯ ಕಡೆ ನಿಂತಿದ್ದಳು. ಅಂಗೈ ಬಾಯಿಗೆ ಹೋಯಿತು. ಕಿಟಕಿಯ ಗಾಜಿನಲ್ಲಿ ಅವಳ ನಾಲಿಗೆ ಕಂಡಿತು, ಅಂಗೈಯ ಬಿಳಿಯೂ ಕಂಡಿತು.

ಅವಳ ಮತ್ತು ಸಾನ್ನೆಯ ಮೇಜಿನ ನಡುವೆ ಬೇರಿಯಂ ಬಟ್ಟಲಿತ್ತು. ನಾನು ತುಂಬಿಸಿಟ್ಟಾಗ ಒಳಗಿನ ಪುಡಿ ಮಟ್ಟಸವಾಗಿತ್ತು. ಈಗ ಒಂದು ಬದಿ ತಗ್ಗಾಗಿತ್ತು.

ಪರೀಕ್ಷೆ ನಿಲ್ಲಿಸಿ ಎಂದು ಕೂಗಿದೆ. ಹೋಲ್ಗರ್ ಹುಬ್ಬೇರಿಸಿದ. ನಾನು ಅವಳ ತೋಳು ಹಿಡಿದು, ಬಾಯಿಗೆ ಏನು ಹಾಕಿಕೊಂಡೆ ಎಂದು ಕೇಳಿದೆ. ಅವಳು ತುಟಿ ಬಿಗಿದಳು. ಮುಖ ಸುಣ್ಣದ ಗೋಡೆಯಾಗಿತ್ತು. ಸಾನ್ನೆ ಮಾತ್ರ ಅಳುತ್ತ, ಪುಡಿ ತೆಗೆಯುವಾಗ ತಾನು ಮೇಜಿನ ಮೇಲೆ ಚೆಲ್ಲಿದೆನೆಂದೂ ಮೈಕೆನ್ ಅದನ್ನು ಕೈಯಿಂದಲೇ ಒರೆಸಿ ಕಸದ ಡಬ್ಬಿಗೆ ಹಾಕಿದಳೆಂದೂ ಹೇಳಿದಳು.

ಪಕ್ಕದ ಕೋಣೆಯಲ್ಲಿ ಫೋನಿತ್ತು. ಸೇತುವೆಯಾಚೆಯ ಆಸ್ಪತ್ರೆಗೆ ಮಾಡಿದೆ. ಆಂಬುಲೆನ್ಸ್ ಹೊರಡಿಸುತ್ತೇನೆ, ಬರಲು ಅರ್ಧ ಗಂಟೆಯಾದರೂ ಬೇಕು ಎಂದ ಡಾಕ್ಟರು. ಹುಡುಗಿ ತಿಂದದ್ದು ಏನು, ಎಷ್ಟು ಎಂದು ಕೇಳಿದ. ನವಸಾಗರವಾದರೆ ಚಿಂತೆಯಿಲ್ಲ, ಬೇರಿಯಂ ಆದರೆ ಒಂದು ನಿಮಿಷವೂ ಸುಮ್ಮನಿರುವಂತಿಲ್ಲ. ಎರಡರಲ್ಲಿ ಯಾವುದೆಂದು ಗೊತ್ತಿಲ್ಲವೆಂದೆ. ತಿಳಿದುಕೊಂಡು ಹೇಳಿ, ಫೋನ್ ಇಡಬೇಡಿ ಎಂದ. ರಿಸೀವರನ್ನು ಮೇಜಿನ ಮೇಲಿಟ್ಟು, ನಡುವಿನ ಬಾಗಿಲು ತೆರೆದೇ ಬಿಟ್ಟು ಓಡಿ ಬಂದೆ.

ಅವಳು ಯಾಕೆ ಬಾಯಿಬಿಡಲಿಲ್ಲ ಎಂದು ನನಗೆ ಆಗ ಹೊಳೆಯಿತು. ಪ್ರಯೋಗಾಲಯದಲ್ಲಿ ಬಾಯಿಗೆ ಏನು ಹಾಕಿಕೊಂಡರೂ, ಪರೀಕ್ಷೆಯಿರಲಿ ಪಾಠವಿರಲಿ, ಆಚೆಗೆ ಹಾಕುತ್ತೇನೆ ಎಂದು ನಾನು ಒಂಬತ್ತನೆಯವರಿಗೆ ಹೇಳದ ವಾರವಿರಲಿಲ್ಲ. ಆ ವಸಂತದಲ್ಲಿ ಚ್ಯೂಯಿಂಗ್ ಗಮ್ ಜಗಿದ ಒಬ್ಬನನ್ನು ಪರೀಕ್ಷೆಯ ನಡುವೆಯೇ ಹೊರಗಟ್ಟಿ ಸೊನ್ನೆ ಕೊಟ್ಟೂ ಇದ್ದೆ. ಹೇಳಿದರೆ ಡೈರಿ ಹೋಯಿತು, ಹೇಳದಿದ್ದರೆ ಜೀವ ಹೋಗಬಹುದು. ಹದಿನಾರರ ಹುಡುಗಿಗೆ ಮೊದಲನೆಯದೇ ದೊಡ್ಡದಾಗಿ ಕಂಡಿತ್ತು.

"ಮೈಕೆನ್, ಅಂಕದ ಮಾತು ಬಿಡು," ಎಂದೆ. "ಏನು ತಿಂದೆ ಅಂತ ಹೇಳ್ದೇ ಇದ್ರೆ ನಿನ್ನನ್ನ ಹೇಗೆ ಉಳಿಸ್ಲಿ?"

ಅವಳು ಹೋಲ್ಗರನತ್ತ ನೋಡಿದಳು. ಅವನು ಬಂದಾಗಿನಿಂದ ಮೊದಲ ಸಲ ಪೆನ್ನನ್ನು ಜೇಬಿಗೆ ಹಾಕಿದ. ಆಗ ಅವಳು ಪ್ಯಾಂಟಿನ ಕಿಸೆಯಿಂದ ಮುದುಡಿದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಅಂಗಡಿಯ ನವಸಾಗರ.

"ಧೈರ್ಯ ಬರ್ಲಿ ಅಂತ ಒಂಚೂರು ನೆಕ್ದೆ," ಎಂದಳು.

ಜೀವ ಬಂದಂತಾಯಿತು, ಆದರೆ ಒಂದು ಗಳಿಗೆ ಮಾತ್ರ. ಯಾವ ಕೈಯಿಂದ ಮೇಜು ಒರೆಸಿದೆ ಎಂದು ಕೇಳಿದೆ. ಅವಳು ಬಲಗೈ ಎತ್ತಿದಳು. ನೆಕ್ಕಿದ್ದೂ ಅದೇ ಕೈ. ಕೈ ತೊಳೆದಿರಲಿಲ್ಲ. ಒರೆಸಿ ಪ್ಯಾಂಟಿಗೆ ತಿಕ್ಕಿದ್ದು ನೆನಪಿದೆ, ಎಲ್ಲ ಹೋಯಿತೋ ಇಲ್ಲವೋ ಗೊತ್ತಿಲ್ಲ ಎಂದಳು.

ಅಂಗೈಯಲ್ಲಿ ಇನ್ನೂ ಅಂಟು ಉಳಿದಿತ್ತು. ಅದನ್ನು ತೊಳೆದ ನೀರಿಗೆ ಗ್ಲೌಬರ್ ಉಪ್ಪಿನ ದ್ರಾವಣ ಹಾಕಿದರೆ ಗೊತ್ತಾಗಿಬಿಡುತ್ತದೆ: ಬೇರಿಯಂ ಇದ್ದರೆ ಹಾಲು, ಇಲ್ಲದಿದ್ದರೆ ತಿಳಿನೀರು. ಡ್ರಾಪರ್ ಎತ್ತಿಕೊಂಡೆ. ಅದರ ತುದಿ ಲೋಟದ ಅಂಚಿಗೆ ಟಕಟಕ ಬಡಿಯತೊಡಗಿತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಕೈ.

"ಇಲ್ಲಿ ಕೊಡು, ಗುದ್ರುನ್. ನಿನ್ನ ಕೈ ನಡುಗ್ತಿದೆ," ಎಂದಳು ಮೈಕೆನ್.

ಬಲ ಅಂಗೈಯನ್ನು ಒಂದು ಲೋಟದ ಮೇಲೆ ಹಿಡಿದು ಶುದ್ಧ ನೀರು ಬಿಟ್ಟುಕೊಂಡಳು. ಸೋಸುವ ಕಾಗದದಲ್ಲಿ ಸೋಸಿದಳು. ಚಹಾದಷ್ಟು ತೆಳು ಬಣ್ಣದ ನೀರು ಇಳಿಯಿತು, ಜ್ಯೇಷ್ಠಮಧುವಿನದು. ಇನ್ನೇನು ಡ್ರಾಪರ್ ಒತ್ತುತ್ತಾಳೆ ಎನ್ನುವಾಗ ನಿಂತಳು. ಇನ್ನೊಂದು ಲೋಟ ಎಳೆದುಕೊಂಡು ಪೊಟ್ಟಣದ ಪುಡಿಯನ್ನೇ ಅದರಲ್ಲಿ ಕರಗಿಸಿ ಸೋಸತೊಡಗಿದಳು. ನನಗೆ ತಡೆಯಲಾಗಲಿಲ್ಲ, ಬೇಗ ಮಾಡೇ ಎಂದು ಗದರಿದೆ.

"ತಿಂಡಿಯೇ ಬೆಳ್ಳಗಾದ್ರೆ? ಇದು ಮಿಶ್ರಣ ಅಲ್ವಾ, ಒಳಗೆ ಏನೇನಿದೆಯೋ," ಎಂದಳು ತಲೆಯೆತ್ತದೆ. "ಮೊದ್ಲು ಇದನ್ನ ನೋಡ್ಬೇಕು."

ಪೊಟ್ಟಣದ ನೀರಿಗೆ ಹನಿ ಬಿತ್ತು. ಬಣ್ಣ ಬದಲಾಗಲಿಲ್ಲ. ಆಮೇಲೆ ಅವಳ ಅಂಗೈಯ ನೀರಿಗೆ ಹನಿ ಹಾಕಿದಳು. ನಾವೆಲ್ಲ ಲೋಟದ ಮೇಲೆ ಬಾಗಿದೆವು. ಆಚೆ ಕೋಣೆಯಲ್ಲಿ ರಿಸೀವರಿನೊಳಗಿಂದ ಡಾಕ್ಟರು ಹಲೋ ಹಲೋ ಎನ್ನುತ್ತಿದ್ದ. ಏನೂ ಆಗಲಿಲ್ಲ. ದೇವರೇ ಎಂದುಕೊಂಡೆ. ಅಷ್ಟರಲ್ಲಿ ಹನಿ ಬಿದ್ದ ಜಾಗದಲ್ಲಿ ಮಂಜಿನೆಳೆಯಂಥದ್ದೊಂದು ಕಾಣಿಸಿತು, ನಿಧಾನ ಹರಡಿತು. ಹಾಲು ಚಹಾದಷ್ಟಿಲ್ಲ, ಹಾಲಿನ ಪಾತ್ರೆ ತೊಳೆದ ನೀರಿನಷ್ಟು.

"ಇದೆ," ಎಂದಳು ಮೈಕೆನ್. "ಸ್ವಲ್ಪ."

ಸಾನ್ನೆ ಬಿಕ್ಕಿದಳು. ಮೈಕೆನ್ ಮಾತ್ರ ಗ್ಲೌಬರ್ ಉಪ್ಪಿನ ಸೀಲು ಒಡೆಯದ ಡಬ್ಬಿಗೆ ಕೈ ಹಾಕಿ, ನನ್ನನ್ನು ಫೋನಿನತ್ತ ತಳ್ಳಿದಳು.

"ಇದನ್ನ ಕುಡೀಲಾ ಅಂತ ಕೇಳು. ಹೊಟ್ಟೆಯೊಳಗೂ ಇದೇ ತಾನೇ ಆಗ್ಬೇಕು? ಕರಗ್ದೇ ಇರೋ ಸಂಯುಕ್ತ ಆದ್ರೆ ಮೈಗೆ ಹತ್ತಲ್ಲ."

ನಾನು ಕೇಳಿದೆ. ಈಗಲೇ ಕುಡಿಯಲಿ, ಒಂದು ಚಮಚ, ಲೋಟದ ತುಂಬ ನೀರಿನಲ್ಲಿ ಎಂದ ಡಾಕ್ಟರು. ಸ್ಟಾಫ್ ರೂಮಿನ ಚಹಾ ಲೋಟವನ್ನು ಹೋಲ್ಗರ್ ಓಡಿಹೋಗಿ ತಂದ. ಅವಳು ಮುಖ ಹಿಂಡಿಕೊಂಡು ಪೂರ್ತಿ ಕುಡಿದಳು. ಆಂಬುಲೆನ್ಸಿನ ಸದ್ದು ಕೇಳುವವರೆಗೆ ನಾನು ಅವಳ ನಾಡಿ ಹಿಡಿದು ಕುಳಿತಿದ್ದೆ. ಬಡಿಯುತ್ತಿದ್ದದ್ದು ಅವಳದೋ ನನ್ನದೋ ತಿಳಿಯುತ್ತಿರಲಿಲ್ಲ.

ಹೊರಗೆ, ಸ್ಟ್ರೆಚರ್ ಗಾಡಿಗೆ ಏರಿಸುವಾಗ ಹೋಲ್ಗರ್ ಹತ್ತಿರ ಬಂದ. ನಮ್ಮಲ್ಲಿ ಅಂಕವನ್ನು ಅಲ್ಲೇ ಎದುರಿಗೆ ಹೇಳುವುದು ಪದ್ಧತಿ. ನನ್ನ ಕಿವಿಯಲ್ಲಿ ಒಂದು ಸಂಖ್ಯೆ ಹೇಳಿದ, ತಲೆಯಾಡಿಸಿದೆ.

"ಹನ್ನೊಂದು," ಎಂದ ಅವಳಿಗೆ.

"ಕನಿಕರಕ್ಕೆ ಕೊಡ್ಬೇಡ," ಎಂದಳು ಅವಳು ಮಲಗಿದಲ್ಲಿಂದಲೇ.

"ಕನಿಕರಕ್ಕಾಗಿದ್ರೆ ಎಂಟು ಕೊಟ್ಟು ಸುಮ್ನಾಗ್ತಿದ್ದೆ."

ನಾನೂ ಗಾಡಿ ಹತ್ತಿದೆ. ಅವಳ ಎದೆಗೆ ತಂತಿಗಳನ್ನು ಅಂಟಿಸಿದರು. ಕಾಗದದ ಮೇಲೆ ಗೆರೆ ಓಡುವುದನ್ನು ಬಹಳ ಹೊತ್ತು ನೋಡಿದ ಮೇಲೆ ಆಂಬುಲೆನ್ಸಿನವನು, ಬಡಿತ ಸರಿಯಾಗಿದೆ, ಹೊಟ್ಟೆಗೆ ಹೋಗಿದ್ದು ತೀರ ಕಡಿಮೆ ಇರಬೇಕು, ಒಂದು ರಾತ್ರಿ ಇಟ್ಟುಕೊಂಡು ಕಳಿಸುತ್ತಾರೆ ಎಂದ. ಆಗ ನನಗೆ ಅಳು ಬಂತು. ಮುಚ್ಚಿಡುವ ಗೋಜಿಗೆ ಹೋಗಲಿಲ್ಲ, ಅತ್ತುಬಿಟ್ಟೆ.

ಮೈಕೆನ್ ಗಾಡಿಯ ಚಾವಣಿ ನೋಡುತ್ತಿದ್ದಳು. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಡೈರಿ ಸಿಕ್ಕಿತ್ತು, ಜೀವವೂ ಉಳಿದಿತ್ತು.

"ನೀನು ಕೇಳಿದ ತಕ್ಷಣ ನಾನು ಹೇಳ್ಬೇಕಿತ್ತು, ಅಲ್ವಾ?" ಎಂದಳು.

ಹೌದು ಎಂದೆ.

"ಹೇಳಿದ್ರೆ ನನ್ನ ಹೊರಗೆ ಹಾಕ್ತಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆ ಒಂದು ಮಾತು ಸಾಕಿತ್ತು, ಅವಳಿಗೂ ಹಿತವಾಗುತ್ತಿತ್ತು, ನನಗೂ. ಆದರೆ ಅವಳು ಕಾಯುತ್ತಿದ್ದ ರೀತಿ ನೋಡಿದರೆ ಸುಳ್ಳನ್ನು ಅಲ್ಲೇ ಹಿಡಿಯುತ್ತಿದ್ದಳು. ಬೇರಿಯಂ ಮೈಗೆ ಹತ್ತದಂತೆ ಮಾಡಿಕೊಂಡಿದ್ದಳು, ನಾನು ಹುಟ್ಟಿಸಿದ ಹೆದರಿಕೆ ಮಾತ್ರ ಅವಳಿಗೆ ಹತ್ತಿಬಿಟ್ಟಿತ್ತು.

"ಹಾಕ್ತಿದ್ದೆ," ಎಂದೆ.

ಅವಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ಗಾಡಿ ಸೇತುವೆ ಹತ್ತಿತು.