ಮೇಲಿನ ಮನೆಯ ಕೂಸಿನ ನೆಗಡಿ

ನಮ್ಮ ಮಹಡಿಯ ಮೇಲೆ ಬಾಡಿಗೆಗಿರುವ ಉಮಾಶ್ರೀಗೂ ನನಗೂ ಮೂರು ತಿಂಗಳಿಂದ ಮಾತಿರಲಿಲ್ಲ. ಕಾರಣ ನನ್ನ ಬಾಯಿ. ಅವಳ ಎಂಟು ತಿಂಗಳ ಕೂಸನ್ನು ನೋಡಿ ಗುಂಡುಗುಂಡಗಿದ್ದಾನೆ ಎಂದಿದ್ದೆ. ಮಾರನೆಯ ದಿನ ಅದಕ್ಕೆ ಭೇದಿ ಹತ್ತಿತು. ಅಂದಿನಿಂದ ನಾನು ಮೆಟ್ಟಿಲ ಹತ್ತಿರ ಸುಳಿದರೆ ಸಾಕು, ಆ ಬಾಗಲಕೋಟೆಯವಳು ಕೂಸಿನ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಚಿಕ್ಕಲಸಂದ್ರದಲ್ಲೇ ಹುಟ್ಟಿ, ಇಲ್ಲೇ ಹೊಲ ಗೇದು, ಕೊಟ್ಟಿಗೆ ತುಂಬ ಹಸು ಸಾಕಿದ ಈ ಬೈರಮ್ಮನ ಕಣ್ಣು ಕೆಟ್ಟದ್ದಂತೆ. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಈಚೆಗೆ ಕೂಸಿಗೆ ನೆಗಡಿಯಾಯಿತು. ಸೀನು, ಸೋರುವ ಮೂಗು, ರಚ್ಚೆ, ಎಲ್ಲ ಮಕ್ಕಳಿಗೂ ಇದ್ದದ್ದೇ. ಐದನೆಯ ದಿನ ಅಳು ನಿಂತಿತು. ನಿದ್ದೆ ಹತ್ತಿತೆಂದು ಅವಳು ನೆಮ್ಮದಿಯಾಗಿರಬೇಕು. ನಾನು ಅವರ ಕಿಟಕಿಯ ಕೆಳಗೇ ಬಟ್ಟೆ ಒಗೆಯುತ್ತಿದ್ದೆ. ಉಸಿರು ಬಿಟ್ಟಾಗಲೆಲ್ಲ ಸಣ್ಣಗೆ ನರಳುವ ಸದ್ದು ಕೇಳಿಸಿತು. ಅದು ಕೆಮ್ಮಲ್ಲ. ಶೀತ ಎದೆಗಿಳಿದ ಕರುಗಳು ಹೀಗೆ ನರಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅವುಗಳಲ್ಲಿ ಉಳಿದವು ಎಷ್ಟೆಂಬುದೂ ಗೊತ್ತು. ಗೊತ್ತಿದ್ದೂ ಬಟ್ಟೆ ಹಿಂಡಿ, ಹರವಿ, ಒಳಗೆ ಹೋದೆ. ಬೇಕಾದರೆ ಅವಳೇ ಇಳಿದು ಬಂದು ಕೇಳಲಿ ಎಂಬ ಹಠ.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ಬೆಳಿಗ್ಗೆ ಸದ್ದು ಬೇಗಬೇಗ ಬರತೊಡಗಿತು. ತಡೆಯಲಾಗದೆ ಮೆಟ್ಟಿಲು ಹತ್ತಿದೆ. ಅವಳ ಗಂಡ ಗುರುಸಿದ್ದ ಡ್ಯೂಟಿಗೆ ಹೋಗಿದ್ದ. ಇವಳು ಬಾಗಿಲಿಗೆ ಅಡ್ಡ ನಿಂತಳು.

"ಬರೇ ನೆಗಡಿ ಐತ್ರಿ. ನೀವು ನೋಡೂದು ಬ್ಯಾಡ."

"ಹಾಲು ಕುಡೀತಾ?"

ಅವಳು ತಿರುಗಿ ಕೂಸಿನ ಕಡೆ ನೋಡಿದಳು. ಅವಳನ್ನು ತಳ್ಳಿಕೊಂಡೇ ಒಳಗೆ ನುಗ್ಗಿದೆ. ಕೂಸಿಗೆ ಎರಡು ಸ್ವೆಟರ್, ಕುಲಾವಿ, ಮೇಲೊಂದು ಕೌದಿ. ಚಳಿಗೆ ಅರ್ಧ, ನನ್ನ ದೃಷ್ಟಿಗೆ ಅರ್ಧ. ಅಷ್ಟು ಬಟ್ಟೆಯ ಕೆಳಗೆ ಎದೆ ಏನಾಗುತ್ತಿದೆಯೆಂದು ಹೆತ್ತವಳೂ ನೋಡಿರಲಿಲ್ಲ. ಎಲ್ಲವನ್ನೂ ಕಿತ್ತೆ. ಒಂದೊಂದು ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿತ್ತು. ತುಟಿಯ ಸುತ್ತ ನೀಲಿಗಟ್ಟಿತ್ತು.

"ನೋಡು, ನೆಗಡಿನಾ ಇದು? ಎತ್ಕೊಂಡು ಬರ್ತೀಯೋ, ನಾನೇ ಎತ್ಕೊಂಡು ಹೋಗ್ಲೋ?"

ಆಟೊದಲ್ಲಿ ಆಸ್ಪತ್ರೆ ಮುಟ್ಟುವ ತನಕ ಬೈದೆ. ಅವಳೂ ಬಿಡಲಿಲ್ಲ. ಕೂಸಿಗೆ ಏನಾದರೂ ಆದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದಳು.

ಡಾಕ್ಟರು ನೋಡಿದವರೇ ಆಕ್ಸಿಜನ್ ಹಾಕಿಸಿದರು. ನ್ಯುಮೋನಿಯಾ, ಈಗಲೇ ಏನೂ ಹೇಳಲಾಗದು ಎಂದರು. ಉಸಿರು ಹೀಗಾಗಿ ಎಷ್ಟು ಹೊತ್ತಾಯಿತೆಂದು ಕೇಳಿದರು. ಬೆಳಿಗ್ಗೆಯಿಂದ ಎಂದಳು ಉಮಾಶ್ರೀ. ಅವಳಿಗೆ ಕಂಡದ್ದೇ ಅಷ್ಟು. ಡಾಕ್ಟರು ಅದನ್ನೇ ನಂಬಿಬಿಟ್ಟಾರೆಂದು ಹೆದರಿ ಬಾಯಿಬಿಟ್ಟೆ.

"ಇಲ್ಲ ಡಾಕ್ಟ್ರೇ, ಎರಡು ದಿನ ಆಯ್ತು. ಕೆಳಗೆ ನಂಗೆ ಕೇಳಿಸ್ತಿತ್ತು."

ಉಮಾಶ್ರೀ ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ ಜಗಳವೇ ಇರಲಿಲ್ಲ.

"ಎರಡು ದಿನ ಕೇಳ್ಕೋತ ಸುಮ್ನ ಕುಂತಿದ್ರೇನ್ರಿ?"

ಜೀವಮಾನದಲ್ಲಿ ಯಾರಿಗೂ ಎದುರುತ್ತರ ಬಾಕಿ ಉಳಿಸಿದವಳಲ್ಲ ನಾನು. ಗಾಜಿನ ಆಚೆ ಕೂಸಿನ ಪಕ್ಕೆ ಇನ್ನೂ ಸೆಳೆಯುತ್ತಿತ್ತು. ಹೌದು ಎಂದೆ.