ಹಂಡೆಯೊಳಗಿನ ಮೊಮ್ಮಗಳು

"ಅತ್ತೆ, ಏನೇ ಆದ್ರೂ ನಾಟಕದ ಮಧ್ಯ ಎದ್ದು ಬೈಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ." ಚಪ್ಪಲಿ ಹಾಕಿಕೊಳ್ಳುವಾಗಲೇ ಅಳಿಯ ಶುರುವಿಟ್ಟುಕೊಂಡ. ಕಟ್ಟುಹಲ್ಲು ಮಾಡುವ ಕೆಲಸ ಅವನದು. ಊರವರ ಬಾಯಿಗೆಲ್ಲ ಅಚ್ಚು ತೆಗೆದವನಿಗೆ ನನ್ನ ಬಾಯೊಂದು ಹಿಡಿತಕ್ಕೆ ಸಿಕ್ಕಿಲ್ಲ.

ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಕೂಗಿ ಕೂಗಿ ಪಳಗಿದ ಬಾಯಿ ಇದು. ನಾನು ಹುಟ್ಟಿದ್ದು ಗುಡ್ಡದಾಚೆಯ ಕಾಡಿನ ಜನರಲ್ಲಿ. ನಗರಕ್ಕೆ ಬಂದ ಮೇಲೆ "ನೀವೆಲ್ಲ ಎಲೆ ಉಟ್ಕೋತಿದ್ರಾ?" ಎಂದು ಕೇಳದವರೇ ಕಡಿಮೆ. ಒಮ್ಮೆ ಪತ್ರಿಕೆಯವನೊಬ್ಬ ನನ್ನ ಫೋಟೋ ತೆಗೆಯಲು ಡಿಪೋಗೆ ಬಂದ. ಯೂನಿಫಾರ್ಮ್ ಬೇಡ, ಬಿಲ್ಲುಬಾಣ ಇದ್ದರೆ ಹಿಡಿದುಕೊಳ್ಳಿ ಎಂದ. ಟಿಕೆಟ್ ಮಷೀನಿದೆ, ಸಾಕಾ ಎಂದೆ. ಫೋಟೋ ಅಚ್ಚಾಗಲೇ ಇಲ್ಲ. ಇಂಥದ್ದಕ್ಕೆಲ್ಲ ನನ್ನ ಚರ್ಮ ದಪ್ಪವಾಗಿತ್ತು.

ಬುಗುರಿಯ ವಿಷಯ ಮಾತ್ರ ಬೇರೆ. ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ನಾವು ಕರೆಯುವ ಹೆಸರು ಅದು. ಮಕ್ಕಳ ನಾಟಕದಲ್ಲಿ ಅವಳಿಗೆ ದೊಡ್ಡ ಪಾತ್ರ ಸಿಕ್ಕಿತ್ತು: ಕಾಡುಜನ ಹಿಡಿದುಕೊಂಡು ಹೋಗಿ ಬೇಯಿಸಿ ತಿನ್ನಲು ಹೊರಡುವ ಪಟ್ಟಣದ ಹುಡುಗಿ. ನನಗೆ ಯಾರೂ ಹೇಳಿರಲಿಲ್ಲ. ಅವಳು ಬಚ್ಚಲುಮನೆಯ ಬಾಗಿಲು ಹಾಕಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, "ಅಯ್ಯೋ ಕಾಡುಜನ, ನನ್ನನ್ನ ತಿಂದುಬಿಡ್ತಾರೆ" ಎಂದು ಕಿರುಚುವುದು ಅಡುಗೆಮನೆಗೆ ಕೇಳಿಸಿತು. ಬಾಗಿಲು ತಟ್ಟಿದೆ. ಗಪ್‌ಚುಪ್ ಆದಳು. ಅಂದಿನಿಂದ ನನಗೆ ಊಟ ರುಚಿಸಲಿಲ್ಲ. ಹುಡುಗಿಗೆ ನನ್ನ ಬಗ್ಗೆ ನಾಚಿಕೆ ಶುರುವಾಗಿದೆ ಎಂದುಕೊಂಡೆ. ಊರೆಲ್ಲ ಏನಾದರೂ ಅಂದುಕೊಳ್ಳಲಿ, ಇವಳು ಅಂದುಕೊಂಡರೆ ನನ್ನ ಕೈಲಿ ತಡೆಯಲಾಗದು.

ನಾಟಕ ಶುರುವಾದಾಗ ಅದನ್ನು ಕಲಿಸಿದ ಮೇಷ್ಟ್ರೇ ಕಾಡುಜನರ ನಾಯಕನಾಗಿ ಬಂದರು. ಮೈಗೆಲ್ಲ ಮಸಿ, ತಲೆಗೆ ಗರಿ, ಕೊರಳಲ್ಲಿ ಥರ್ಮಾಕೋಲಿನ ಮೂಳೆಗಳ ಸರ. "ಉಬ್ಬಾ ಗುಬ್ಬಾ" ಎಂದು ಕುಣಿದರೆ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಕಪ್ಪು ಬಣ್ಣ ಬಳಿದ ಪ್ಲಾಸ್ಟಿಕ್ ಡ್ರಮ್ಮೇ ಹಂಡೆ. ಅದರೊಳಗೆ ಬುಗುರಿ, ಅಡಿಯಲ್ಲಿ ಕೆಂಪು ಬಲ್ಬು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅಳಿಯ ನನ್ನ ಮೊಣಕೈ ಬಿಟ್ಟಿರಲಿಲ್ಲ.

ಈ ನಾಟಕದಲ್ಲೊಂದು ಪದ್ಧತಿಯಿತ್ತು. ನಾಯಕ ಪ್ರೇಕ್ಷಕರ ನಡುವೆ ಇಳಿದು ಯಾರನ್ನಾದರೂ ಹಗ್ಗ ಹಾಕಿ ಎಳೆದೊಯ್ಯುತ್ತಾನೆ. ಮುಖ ಗಂಟಿಕ್ಕಿಕೊಂಡವರು ಸಿಕ್ಕರೆ ನಗು ಹೆಚ್ಚು. ಇಡೀ ಸಭಾಂಗಣದಲ್ಲಿ ಅಂಥ ಮುಖ ನನ್ನದೊಂದೇ. ಮೇಷ್ಟ್ರು ನೇರವಾಗಿ ಬಂದು ನನ್ನ ಸೊಂಟಕ್ಕೆ ಹಗ್ಗ ಸುತ್ತಿದರು. ಪುಣ್ಯಾತ್ಮರು ಅಷ್ಟು ಜನರಲ್ಲಿ ಸರಿಯಾಗಿ ಕಾಡಿನವಳನ್ನೇ ಹುಡುಕಿ ಹಿಡಿದಿದ್ದರು. ಅಳಿಯನ ಮುಖ ಬಿಳಿಚಿಕೊಂಡಿತು.

"ಮುದುಕಿ, ನಿನ್ನ ಊರು ಯಾವುದು?" ವೇದಿಕೆ ಹತ್ತಿಸಿ ಮೇಷ್ಟ್ರು ಗುಡುಗಿದರು. ಯಾವುದಾದರೊಂದು ಬಡಾವಣೆಯ ಹೆಸರು ಹೇಳಿದರೆ ಮುಗಿಯುತ್ತಿತ್ತು. ನಿಜ ಹೇಳಿದರೆ ನಾಳೆ ಶಾಲೆಯಲ್ಲಿ ಅನುಭವಿಸುವವಳು ಬುಗುರಿ. ಸುಳ್ಳು ಹೇಳಿದರೆ ನನ್ನವರಿಗೆ ನಾನೇ ಬೆನ್ನು ತಿರುಗಿಸಿದ ಹಾಗೆ. ಹಂಡೆಯ ಕಡೆ ನೋಡಿದೆ.

ಬುಗುರಿ ಅಂಚು ಹಿಡಿದು ಮೇಲೆದ್ದಳು. "ಹಗ್ಗ ಬಿಚ್ಚಿ ಮೇಷ್ಟ್ರೇ. ಅದು ನಮ್ಮಜ್ಜಿ. ನಮ್ಮಜ್ಜಿ ಕಾಡಿನವಳು. ನಾನೂ ಅವಳ ಕಡೆಯವಳೇ."

ಮುಂದಿನ ಸಾಲಿನಿಂದ ಒಂದು ಮಗು ಕೇಳಿತು: "ನಿಮ್ಮಜ್ಜಿ ಯಾರನ್ನೂ ತಿನ್ನಲ್ವಾ?"

"ಇಲ್ಲ. ಬೈತಾಳೆ, ಅಷ್ಟೇ."

"ಹಾಗಾದ್ರೆ ಈ ಗರಿಯವನು ಯಾರು?"

"ಅವರು ನಮ್ಮ ನಾಟಕದ ಮೇಷ್ಟ್ರು. ಕನ್ನಡಕ ಇಲ್ದೆ ಅವರಿಗೆ ಏನೂ ಕಾಣಲ್ಲ."

ಎಲ್ಲರೂ ನಕ್ಕರು. ಈ ಸಲ ನಾನೂ ನಕ್ಕೆ. ಮೇಷ್ಟ್ರು ಹಗ್ಗ ಬಿಚ್ಚಿ, ಪರದೆ ಎಳೆಯಲು ಸನ್ನೆ ಮಾಡಿದರು.

ಪರದೆಯ ಹಿಂದೆ ಅವರು ಗರಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ತಪ್ಪಾಯ್ತಮ್ಮ. ನಿಮ್ಮ ಕಡೆಯವರು ನೋಡೋಕೆ ಬರಬಹುದು ಅಂತ ಯೋಚನೆನೇ ಮಾಡಿರ್ಲಿಲ್ಲ."

"ಬರ್ತೀವಿ ಮೇಷ್ಟ್ರೇ. ಟಿಕೆಟ್ ತಗೊಂಡೇ ಬರ್ತೀವಿ."

ಈ ಕತೆ ಇಲ್ಲಿಗೇ ಸಾಕು, ಬೇರೆಯದು ಮಾಡಿಸ್ತೀನಿ ಎಂದು ಹೇಳಿ ಮುಖ ತೊಳೆಯಲು ಹೋದರು.

ಬುಗುರಿಯನ್ನು ಕಂಕುಳಲ್ಲಿ ಕೈಕೊಟ್ಟು ಹಂಡೆಯಿಂದ ಎತ್ತಿದೆ. "ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಯಾಕೆ ಕಿರುಚ್ತಿದ್ದೆ?"

"ನಿಂಗೆ ಕೇಳಿದ್ರೆ ಬೇಜಾರಾಗತ್ತೆ ಅಂತ. ನಂಗೆ ನಾಟಕ ಮಾಡಬೇಕಿತ್ತು ಅಜ್ಜಿ, ಬೇರೆ ಪಾತ್ರನೇ ಇರ್ಲಿಲ್ಲ."

ಇಷ್ಟೇನಾ ಎನ್ನಿಸಿತು. ಎದೆಯ ಮೇಲಿಂದ ಕಲ್ಲು ಇಳಿಸಿದಷ್ಟು ಹಗುರವಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವಳು ನನ್ನ ಮಡಿಲಿಗೆ ಒರಗಿ ಕೇಳಿದಳು:

"ಹಗ್ಗ ಹಾಕಿದಾಗ ನಿಂಗೆ ಭಯ ಆಯ್ತಾ ಅಜ್ಜಿ?"

"ಆಯ್ತು."

"ಮೇಷ್ಟ್ರನ್ನ ನೋಡಿಯಾ?"

"ಅಲ್ಲ ಕಣೇ. ನಿನ್ನ ನೋಡಿ."